ಕಾರ್ ಸರ್ವಿಸ್ ಬಿಲ್ಲಿನಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ: 92 ಸಾವಿರ ಕಿಲೋಮೀಟರ್ ಓಡಿಸಿದವನ ಲೆಕ್ಕ

ಬೆಳಿಗ್ಗೆ ಎಂಟೂವರೆಗೆ ಕಾರು ಬಿಟ್ಟು ಆಫೀಸಿಗೆ ಹೋಗಿರುತ್ತೇನೆ. ಹನ್ನೊಂದರ ಹೊತ್ತಿಗೆ ಫೋನು. "ಸಾರ್, ಗಾಡಿ ಚೆಕ್ ಮಾಡಿದ್ವಿ. ಇಂಜಿನ್ನಲ್ಲಿ ಕಾರ್ಬನ್ ಜಾಸ್ತಿ ಇದೆ, ಡಿಕಾರ್ಬನೈಸಿಂಗ್ ಮಾಡಿಸಿಬಿಡಿ. ಎಸಿ ಒಳಗೆ ಫಂಗಸ್ ಇದೆ, ಅಂಡರ್‌ಬಾಡಿ ಕೋಟಿಂಗ್ ಹೋಗಿದೆ..." ನಾನು ಮೀಟಿಂಗಿನಲ್ಲಿ, ಎದುರಿಗೆ ಮ್ಯಾನೇಜರ್. "ಆಯ್ತು, ಮಾಡಿ" ಅಂದು ಫೋನ್ ಇಟ್ಟುಬಿಡುತ್ತೇನೆ. ಆ ಎರಡು ಪದಕ್ಕೆ ಸಂಜೆ ಐದಾರು ಸಾವಿರ ಜಾಸ್ತಿ ಕಟ್ಟಿ ಬರುತ್ತೇನೆ. ಮೊದಲ ಕೆಲವು ವರ್ಷ ಹೀಗೇ ನಡೆಯಿತು.

ಗಾಡಿ 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರು, ಈಗ 92,000 ಓಡಿದೆ. ವಾರವಿಡೀ ಬೆಂಗಳೂರಿನ ಟ್ರಾಫಿಕ್. ಎರಡು ತಿಂಗಳಿಗೊಮ್ಮೆ ತೀರ್ಥಹಳ್ಳಿಯ ನಮ್ಮ ಮನೆ, ಅಲ್ಲಿಂದ ಆಗುಂಬೆ ಘಾಟಿ ಇಳಿದು ಉಡುಪಿಯಲ್ಲಿ ಹೆಂಡತಿ ಮನೆ. ಅಂದರೆ ಧೂಳು, ಗುಂಡಿ, ಘಾಟಿ, ಕಡಲ ಗಾಳಿ ಎಲ್ಲವನ್ನೂ ಕಂಡ ಗಾಡಿ. ಯಾವ ಕಂಪನಿ, ಯಾವ ಸರ್ವಿಸ್ ಸೆಂಟರ್ ಅಂತ ಹೇಳಲ್ಲ. ಹೇಳಿಯೂ ಪ್ರಯೋಜನ ಇಲ್ಲ, ಸ್ನೇಹಿತರ ಬಿಲ್ಲುಗಳನ್ನೂ ನೋಡಿದ್ದೇನೆ, ಗಾಡಿ ಬೇರೆ, ರಾಗ ಒಂದೇ.

ಕಣ್ಣು ತೆರೆಸಿದ್ದು 60,000 ಕಿಲೋಮೀಟರ್ ಸರ್ವಿಸ್, 2022ರ ಮೇ ತಿಂಗಳು. ಎಸ್ಟಿಮೇಟ್ 18,150 ರೂಪಾಯಿ. ಆವತ್ತು ರಜೆ ಇತ್ತು, ಕೌಂಟರಿನ ಮುಂದೆ ಕೂತು ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದೆ. ಐದು ವರ್ಷ ಪ್ಲಾಸ್ಟಿಕ್ ಕವರಿನಲ್ಲೇ ಇದ್ದ ಪುಸ್ತಕ. ಹಿಂದಿನ ಪುಟಗಳಲ್ಲಿ ಒಂದು ಚಾರ್ಟ್ ಇರುತ್ತದೆ, ಇಷ್ಟು ಸಾವಿರಕ್ಕೆ ಏನನ್ನು ಬದಲಾಯಿಸಬೇಕು, ಏನನ್ನು ಸುಮ್ನೆ ನೋಡಿದರೆ ಸಾಕು ಅಂತ. ಆ ಚಾರ್ಟ್ ಪಕ್ಕದಲ್ಲಿಟ್ಟುಕೊಂಡು ಎಸ್ಟಿಮೇಟಿಗೆ ಟಿಕ್ ಹಾಕುತ್ತಾ ಹೋದೆ. ಇಂಜಿನ್ ಆಯಿಲ್ಲು ಮತ್ತು ಫಿಲ್ಟರ್, ಎಸಿ ಫಿಲ್ಟರ್, ಬ್ರೇಕ್ ಆಯಿಲ್, ವೀಲ್ ಅಲೈನ್‌ಮೆಂಟು ಬ್ಯಾಲೆನ್ಸಿಂಗು, ಲೇಬರ್, ಎಲ್ಲಾ ಸೇರಿ 7,450. ಉಳಿದ 10,700ಕ್ಕೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಡಿಕಾರ್ಬನೈಸಿಂಗ್ 2,200, ಇಂಜಿನ್ ಫ್ಲಶ್ 450, ಎಸಿ ಡಿಸ್‌ಇನ್ಫೆಕ್ಷನ್ 900, ಅಂಡರ್‌ಬಾಡಿ ಕೋಟಿಂಗ್ 3,800, ಸೈಲೆನ್ಸರ್‌ಗೆ ಬೇರೆ ಕೋಟಿಂಗ್ 800, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಕ್ಲೀನಿಂಗ್ 550, ಇಂಟೀರಿಯರ್ ಕ್ಲೀನಿಂಗ್ 1,500, ಇಂಜಿನ್ ಡ್ರೆಸ್ಸಿಂಗ್ 500. ಇಂಜಿನ್ ಡ್ರೆಸ್ಸಿಂಗ್ ಅಂದರೆ ಬಾನೆಟ್ ಒಳಗಿನ ಪ್ಲಾಸ್ಟಿಕ್ಕಿಗೆ ಪಾಲಿಶ್ ಹಚ್ಚಿ ಮಿಂಚಿಸುವುದು, ಯಾರಿಗೆ ತೋರಿಸೋಕೆ ಅಂತ ದೇವರಿಗೇ ಗೊತ್ತು.

ಸಿಟ್ಟು ಬಂತು. ಪೆನ್ನು ತಗೊಂಡು ಗೀಚಿದೆ. ಆ ಸಿಟ್ಟಿನಲ್ಲಿ ಬ್ರೇಕ್ ಆಯಿಲ್ಲನ್ನೂ ಗೀಚಿದೆ. 620 ರೂಪಾಯಿ. "ಬ್ರೇಕ್ ಚೆನ್ನಾಗೇ ಹಿಡಿಯುತ್ತಲ್ಲಪ್ಪಾ, ಅದ್ಯಾಕೆ?" ಅಂದೆ. ಅಡ್ವೈಸರ್ ಹುಡುಗ "ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು ಸಾರ್" ಅಂದ. ಅದು ಚಾರ್ಟಿನಲ್ಲೂ ಇತ್ತು, ನನ್ನ ಕಣ್ಣಿಗೇ ಕಂಡಿತ್ತು. ಆದರೆ ಆ ಹೊತ್ತಿಗೆ ಅವನ ಬಾಯಿಂದ ಬಂದದ್ದೆಲ್ಲ ಸುಳ್ಳು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. 6,830 ಕಟ್ಟಿ ಗೆದ್ದವನ ಥರ ಮನೆಗೆ ಬಂದೆ.

ಡಿಸೆಂಬರಿನಲ್ಲಿ ಉಡುಪಿಗೆ ಹೊರಟೆವು. ಗಾಡಿಯಲ್ಲಿ ಐದು ಜನ, ಡಿಕ್ಕಿಯಲ್ಲಿ ಒಂದು ಬಾಳೆಗೊನೆ, ಅಮ್ಮ ಕೊಟ್ಟ ಉಪ್ಪಿನಕಾಯಿ ಭರಣಿ, ಬ್ಯಾಗುಗಳು. ಆಗುಂಬೆ ಘಾಟಿಗೆ 14 ತಿರುವು. ಮುಂದೆ ಒಂದು ಮಿನಿ ಬಸ್ಸು, ಅದರ ಹಿಂದೆ ನಾನು ಮೂರನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದೆ. ಇದು ನನ್ನ ತಪ್ಪೇ, ಘಾಟಿ ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅಂತ ಅಪ್ಪ ಇಪ್ಪತ್ತು ಸಲ ಹೇಳಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಇಳಿದಿದ್ದೆವು. ಒಂದು ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಒದ್ದೆ ಸ್ಪಂಜಿನ ಹಾಗೆ ಒಳಗೆ ಹೋಯಿತು. ಬ್ರೇಕ್ ಪೂರ್ತಿ ಇಲ್ಲ ಅಂತಲ್ಲ, ಆದರೆ ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿಯಲಿಲ್ಲ. ಬಸ್ಸಿನ ಹಿಂಬದಿ ಹತ್ತಿರ ಹತ್ತಿರ ಬಂತು. ಪಟಪಟ ಎರಡು ಮೂರು ಸಲ ಪೆಡಲ್ ಹೊಡೆದೆ, ಎರಡನೇ ಗೇರು, ಆಮೇಲೆ ಒಂದನೇ ಗೇರು, ಹ್ಯಾಂಡ್‌ಬ್ರೇಕನ್ನು ನಿಧಾನಕ್ಕೆ ಎಳೆದು, ಸ್ವಲ್ಪ ಅಗಲ ಇದ್ದ ಕಡೆ ಬದಿಗೆ ನಿಲ್ಲಿಸಿದೆ. ಸುಟ್ಟ ವಾಸನೆ. ಮಂಗಗಳು ಬಾನೆಟ್ ಮೇಲೆ ಬಂದು ಕೂತವು. ಹಿಂದೆ ಅತ್ತೆ "ಏನಾಯ್ತು?" ಅಂತ ಕೇಳಿದರು. "ಏನಿಲ್ಲ, ಗಾಡಿ ಬಿಸಿಯಾಗಿದೆ" ಅಂದೆ. ಮುಕ್ಕಾಲು ಗಂಟೆ ಕಾದು, ಒಂದನೇ ಗೇರಿನಲ್ಲೇ ಸೋಮೇಶ್ವರದವರೆಗೆ ಇಳಿದೆ.

ಮುಂದೆ ದಾರಿಯಲ್ಲಿ ಒಂದು ಸಣ್ಣ ಗ್ಯಾರೇಜು ಸಿಕ್ಕಿತು. ಮೆಕ್ಯಾನಿಕ್ ಬ್ರೇಕ್ ಆಯಿಲಿನ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ನೋಡಿ ನಕ್ಕುಬಿಟ್ಟರು. ಹೊಸ ಬ್ರೇಕ್ ಆಯಿಲ್ ತೆಳು ಜೇನುತುಪ್ಪದ ಬಣ್ಣ ಇರುತ್ತದೆ. ನನ್ನದು ಕಾಫಿ ಡಿಕಾಕ್ಷನ್. ಒಬ್ಬ ಹುಡುಗ ಒಳಗೆ ಕೂತು ಪೆಡಲ್ ಒತ್ತಿ ಒತ್ತಿ ಹಿಡಿಯೋದು, ಇವರು ಚಕ್ರದ ಹಿಂದೆ ಸಣ್ಣ ನಿಪ್ಪಲ್ ಸಡಿಲ ಮಾಡೋದು, ಅದಕ್ಕೆ ಸಿಕ್ಕಿಸಿದ ಪೈಪಿನ ಇನ್ನೊಂದು ತುದಿ ಹಳೇ ನೀರಿನ ಬಾಟಲಿಯಲ್ಲಿ. "ಒತ್ತು... ಹಿಡಿ... ಬಿಡು." ಪೈಪಿನಲ್ಲಿ ಮೊದಲು ಕಪ್ಪು, ಆಮೇಲೆ ಗುಳ್ಳೆ, ಆಮೇಲೆ ಕಂದು, ಕೊನೆಗೆ ತಿಳಿ ಬಣ್ಣ ಬಂತು. ನಾಲ್ಕೂ ಚಕ್ರಕ್ಕೆ ಹೀಗೇ, ಸುಮಾರು ಒಂದು ಗಂಟೆ ಕೆಲಸ. 700 ರೂಪಾಯಿ ತಗೊಂಡರು. ಅವತ್ತು ಏಳು ಸಾವಿರ ಕೇಳಿದ್ದರೂ ಕೊಡುತ್ತಿದ್ದೆ.

ಆಗಿದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ, ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಒದ್ದೆ ಆಗುತ್ತಲ್ಲ, ಹಾಗೆ. ನನ್ನ ಗಾಡಿಗೆ ಹಾಕೋದು ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್. ಹೊಸದಾಗಿದ್ದಾಗ ಅದರ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತ ನಿಯಮ. ಶೇ. 3.7ರಷ್ಟು ನೀರು ಸೇರಿದ ಮೇಲೆ 155 ಡಿಗ್ರಿ ಇದ್ದರೂ ಸಾಕು ಅಂತ ಅದೇ ನಿಯಮ ಒಪ್ಪುತ್ತದೆ. ಅಂದರೆ ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಘಾಟಿಯಲ್ಲಿ ಡಿಸ್ಕು ಕಾದಾಗ ಆಯಿಲ್ಲು ಕುದಿದು ಆವಿಯ ಗುಳ್ಳೆ ಆಗುತ್ತದೆ. ಎಣ್ಣೆಯನ್ನು ಒತ್ತಿದರೆ ಕುಗ್ಗಲ್ಲ, ಗುಳ್ಳೆ ಕುಗ್ಗುತ್ತದೆ. ನಾವು ಕಾಲಿನಿಂದ ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸೋದಕ್ಕೇ ಖರ್ಚು, ಚಕ್ರಕ್ಕೆ ಏನೂ ಹೋಗಲ್ಲ. ನನ್ನ ಗಾಡಿಯಲ್ಲಿದ್ದದ್ದು ಮೂರೂವರೆ ವರ್ಷದ ಹಳೇ ಆಯಿಲ್. ಬರೀ ಸಿಟಿಯಲ್ಲಿ ಓಡಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅದೇ ಇದರ ಅಪಾಯ.

ಸರ್ವಿಸ್ ಸೆಂಟರ್‌ಗಳ ಮೇಲೆ ನನ್ನ ದೊಡ್ಡ ತಕರಾರು ಕೂಡ ಇದೇ. ಬೇಡದ ಎಂಟು ಐಟಂ ನಡುವೆ ಜೀವ ಉಳಿಸುವ ಒಂದು ಐಟಂ ಇಟ್ಟರೆ, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದರೆ, ಗಿರಾಕಿಗೆ ಗೊತ್ತಾಗೋದು ಹೇಗೆ? ಒಂದೋ ಎಲ್ಲದಕ್ಕೂ ಹೂಂ ಅನ್ನುತ್ತಾನೆ, ಇಲ್ಲವೋ ನನ್ನ ಥರ ಎಲ್ಲದಕ್ಕೂ ಊಹೂಂ.

ಇನ್ನು ಒಂದೊಂದಾಗಿ ಹೇಳುತ್ತೇನೆ.

ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್. ಚರ್ಚೆಯೇ ಬೇಡ, ಕೊಡಿ. ನನ್ನ ಗಾಡಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಇಲ್ಲಿ "ಒಂದು ವರ್ಷ" ಅನ್ನೋದನ್ನು ಜನ ಮರೆಯುತ್ತಾರೆ. ಊರಲ್ಲಿ ಅಪ್ಪನ ಕಾರು ವರ್ಷಕ್ಕೆ 3,000 ಓಡಿದರೆ ಹೆಚ್ಚು, ಅಂಗಡಿ, ಬ್ಯಾಂಕು, ತೋಟ. ಅಂಥ ಗಾಡಿಗೇ ಆಯಿಲ್ ಬೇಗ ಕೆಡೋದು, ಯಾಕೆಂದರೆ ಇಂಜಿನ್ ಸರಿಯಾಗಿ ಬಿಸಿ ಆಗುವಷ್ಟರಲ್ಲಿ ಮನೆ ಬಂದಿರುತ್ತದೆ, ಒಳಗಿನ ತೇವ ಒಳಗೇ ಉಳಿಯುತ್ತದೆ. ಗ್ರೇಡು ಮಾತ್ರ ಪುಸ್ತಕದಲ್ಲಿ ಇರುವುದೇ ಇರಲಿ. "ಇದು ಫುಲ್ ಸಿಂಥೆಟಿಕ್ ಸಾರ್, ಇನ್ನೂ ಚೆನ್ನಾಗಿರುತ್ತೆ" ಅಂತ ಬೇರೆ ಗ್ರೇಡು ಹಾಕಲು ಬಂದರೆ ಪುಸ್ತಕ ತೋರಿಸಿ. ಹೊರಗೆ ಹಾಕಿಸುವವರು ಸೀಲ್ ಇರುವ ಡಬ್ಬ ತಾವೇ ಕೊಂಡು, ಎದುರು ನಿಂತು ಒಡೆಸಿ. ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರಿನಿಂದ ಒಂದು ತೂತು ಹೊಡೆದೇ ನಾನು ಬರೋದು. ಆ ಡಬ್ಬದಲ್ಲಿ ಮತ್ತೇನೋ ತುಂಬಿ ಮಾರಬಾರದು ನೋಡಿ.

ಇಂಜಿನ್ ಫ್ಲಶ್, ಅಂದರೆ ಹಳೇ ಆಯಿಲಿಗೆ ಕೆಮಿಕಲ್ ಸೇರಿಸಿ ಇಂಜಿನ್ ಒಳಗನ್ನು ತೊಳೆಯೋದು? ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾಯಿಸುವವರಿಗೆ ಬೇಡ. ಅಷ್ಟೇ.

ಡಿಕಾರ್ಬನೈಸಿಂಗ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಎಲ್ಲರಿಗೂ ಇದೇ ಕಾಲ್ ಬರೋದು. ನನ್ನ ಥರದ ಸಾದಾ ಪೆಟ್ರೋಲ್ ಇಂಜಿನ್‌ಗಳಲ್ಲಿ ಇಂಜೆಕ್ಟರು ಪೆಟ್ರೋಲನ್ನು ಇನ್‌ಟೇಕ್ ವಾಲ್ವಿನ ಹಿಂದೆಯೇ ಚಿಮುಕಿಸುತ್ತದೆ. ಅಂದರೆ ಗಾಡಿ ಓಡುವಷ್ಟು ಹೊತ್ತೂ ವಾಲ್ವಿಗೆ ಪೆಟ್ರೋಲಿನಲ್ಲೇ ಸ್ನಾನ. ಅಲ್ಲಿ ಕಾರ್ಬನ್ ದಪ್ಪಗೆ ಕೂರೋದು ಕಡಿಮೆ. ಪೆಟ್ರೋಲ್ ಸೀದಾ ಸಿಲಿಂಡರಿನ ಒಳಗೇ ಹೋಗುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಇಂಜಿನ್‌ಗಳದ್ದು ಬೇರೆ ಕಥೆ, ಅಲ್ಲಿ ವಾಲ್ವಿಗೆ ಸ್ನಾನ ಇಲ್ಲ, ಮಸಿ ಕಟ್ಟುತ್ತದೆ. ಆದರೆ ಅವಕ್ಕೂ ಪಿಕಪ್ ಕಡಿಮೆ ಆಯಿತು, ನಿಂತಾಗ ಇಂಜಿನ್ ನಡುಗುತ್ತದೆ ಅಂತ ಏನಾದರೂ ಕಂಡಾಗ ನೋಡಬೇಕೇ ಹೊರತು 20,000ಕ್ಕೊಮ್ಮೆ ಹಬ್ಬದ ಥರ ಮಾಡಿಸೋದಲ್ಲ. ನಾನು ಮೊದಲ ಮೂರು ವರ್ಷದಲ್ಲಿ ಎರಡು ಸಲ ಮಾಡಿಸಿದ್ದೇನೆ. ಮೈಲೇಜು ಬರೆದಿಡುವ ಅಭ್ಯಾಸ ನನಗೆ. ಮೊದಲು ಲೀಟರಿಗೆ ಎಷ್ಟಿತ್ತೋ ಆಮೇಲೂ ಅಷ್ಟೇ. ಬೇಕಿದ್ದರೆ ನೀವೂ ಅಡ್ವೈಸರ್‌ಗೆ ಒಂದು ಪ್ರಶ್ನೆ ಕೇಳಿ ನೋಡಿ: "ಕಾರ್ಬನ್ ಜಾಸ್ತಿ ಇದೆ ಅಂದ್ರಲ್ಲ, ಹೇಗೆ ನೋಡಿದ್ರಿ?" ಇಂಜಿನ್ ಬಿಚ್ಚದೆ ಅಥವಾ ಒಳಗೆ ಕ್ಯಾಮೆರಾ ಬಿಡದೆ ಅದನ್ನು ನೋಡೋಕೆ ಆಗಲ್ಲ. ನನಗೆ ಸಿಕ್ಕ ಉತ್ತರ: "ಕಿಲೋಮೀಟರ್ ನೋಡಿ ಹೇಳ್ತೀವಿ ಸಾರ್."

ಏರ್ ಫಿಲ್ಟರ್ 40,000ಕ್ಕೆ ಬದಲಾಯಿಸಿ, ನಡುವೆ ಸರ್ವಿಸ್ ಮಾಡಿದಾಗಲೆಲ್ಲ ಗಾಳಿ ಹೊಡೆದು ಕ್ಲೀನ್ ಮಾಡಿ ಅಂತ ನನ್ನ ಪುಸ್ತಕ ಹೇಳುತ್ತದೆ. ಮಣ್ಣಿನ ರಸ್ತೆ ಜಾಸ್ತಿ ಇದ್ದರೆ ಬೇಗ ಬದಲಾಯಿಸಿ. ನಾಲ್ಕು ಕ್ಲಿಪ್ಪು ತೆಗೆದರೆ ಕೈಗೇ ಬರುತ್ತದೆ, ನೀವೇ ನೋಡಬಹುದು.

ಎಸಿ ಫಿಲ್ಟರ್ ಅದಕ್ಕಿಂತ ಸುಲಭ, ಮತ್ತು ಇದರ ಕಥೆಯಿಂದಲೇ ನಾನು ಆ ಸರ್ವಿಸ್ ಸೆಂಟರ್ ಬಿಟ್ಟದ್ದು. ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದು, ಎರಡೂ ಬದಿ ಒಳಕ್ಕೆ ಒತ್ತಿದರೆ ಡಬ್ಬಿ ಪೂರ್ತಿ ಕೆಳಕ್ಕೆ ಬಾಗುತ್ತದೆ. ಹಿಂದೆ ಒಂದು ಉದ್ದ ಮುಚ್ಚಳ, ಅದರೊಳಗೆ ಫಿಲ್ಟರ್. ಐದು ನಿಮಿಷ. ಮೊದಲ ಸಲ ತೆಗೆದಾಗ ಅದರಲ್ಲಿ ಹೊಂಗೆ ಎಲೆ, ಜಿರಳೆ ರೆಕ್ಕೆ, ಬೂದಿ ಬಣ್ಣದ ಒಂದು ಪದರ ಧೂಳು ಇತ್ತು, ಇದನ್ನೇ ಮಕ್ಕಳು ಉಸಿರಾಡುತ್ತಿದ್ದರಲ್ಲ ಅನ್ನಿಸಿತು. ಹೊಸದು ಹೊರಗೆ 300 ರೂಪಾಯಿ, ತಂದು ಹಾಕಿ ಅಂಚಿನಲ್ಲಿ ಪೆನ್ನಿನಿಂದ ತಾರೀಖು ಬರೆದೆ. ಮುಂದೆ 70,000 ಸರ್ವಿಸಿಗೆ ಬಿಟ್ಟಾಗ ಬಿಲ್ಲಿನಲ್ಲಿ "ಎಸಿ ಫಿಲ್ಟರ್ ಬದಲಾವಣೆ" 650, ಹಾಕುವ ಕೂಲಿ 250. ಮನೆಗೆ ಬಂದು ಸುಮ್ನೆ ತೆಗೆದು ನೋಡಿದರೆ ನನ್ನ ಕೈಬರಹ ಹಾಗೇ ಇದೆ. ವಾಪಸ್ ಹೋಗಿ ಕೇಳಿದ್ದಕ್ಕೆ "ಹುಡುಗರು ಮರೆತಿರಬೇಕು ಸಾರ್" ಅಂತ 900 ವಾಪಸ್ ಕೊಟ್ಟರು. ದುಡ್ಡು ಬಂತು, ನಂಬಿಕೆ ಬರಲಿಲ್ಲ. ಫಿಲ್ಟರ್ ಆದರೆ ಕಣ್ಣಿಗೆ ಕಾಣುತ್ತದೆ, ಕಾಣದ ಜಾಗದ್ದು ಏನು ಕಥೆ?

ಎಸಿ ಡಿಸ್‌ಇನ್ಫೆಕ್ಷನ್ ಅಂದರೆ ಡಬ್ಬಿಯಲ್ಲಿ ಬರುವ ನೊರೆಯನ್ನು ಗಾಳಿ ದಾರಿಗೆ ಬಿಡೋದು. ಎಸಿ ಹಾಕಿದ ತಕ್ಷಣ ಹಳೇ ಸಾಕ್ಸಿನ ವಾಸನೆ ಬಂದರೆ ಮಾಡಿಸಿ, ಇಲ್ಲದಿದ್ದರೆ ಬೇಡ. ಮನೆ ಸೇರುವ ಎರಡು ನಿಮಿಷ ಮುಂಚೆ ಎಸಿ ಆಫ್ ಮಾಡಿ ಫ್ಯಾನ್ ಮಾತ್ರ ಬಿಟ್ಟರೆ ಒಳಗಿನ ಕಾಯಿಲ್ ಒಣಗುತ್ತದೆ, ಆ ವಾಸನೆ ಹುಟ್ಟೋದೇ ಕಡಿಮೆ. ಹಾಗೇ ಪ್ರತಿ ಬೇಸಿಗೆಗೆ "ಗ್ಯಾಸ್ ಟಾಪ್-ಅಪ್" ಅನ್ನುವವರನ್ನು ನಂಬಬೇಡಿ. ಎಸಿ ಗ್ಯಾಸು ಪೆಟ್ರೋಲಿನ ಥರ ಖರ್ಚಾಗುವ ವಸ್ತು ಅಲ್ಲ, ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ತಂಪು ಕಡಿಮೆ ಆಗುವಷ್ಟು ಇಳಿದಿದ್ದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಗ್ಯಾಸ್ ತುಂಬಿಸೋದು ತೂತು ಬಿಂದಿಗೆಗೆ ನೀರು ತುಂಬಿಸಿದ ಹಾಗೆ. ಹುಡುಕುವ ಕೆಲಸಕ್ಕೆ ದುಡ್ಡು ಕೊಡಿ.

ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ದುಡ್ಡಿನ ವಿಷಯಕ್ಕಿಂತ ಶಿಸ್ತಿನ ವಿಷಯ. ನಮ್ಮ ಅಪಾರ್ಟ್‌ಮೆಂಟಿನ ಅಂಕಲ್ ಒಬ್ಬರು ಕೂಲೆಂಟ್ ಕಡಿಮೆ ಆದಾಗಲೆಲ್ಲ ಬೋರ್‌ವೆಲ್ ನೀರು ಸುರಿಯುತ್ತಿದ್ದರು. ನಮ್ಮ ಬಚ್ಚಲಮನೆ ನಲ್ಲಿಗೆ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟಿತು. ಕೊನೆಗೆ ತುಮಕೂರು ರಸ್ತೆಯಲ್ಲಿ ಹೊಗೆ, ಟೋಯಿಂಗ್, ರೇಡಿಯೇಟರ್ ಬದಲಾವಣೆ. ಪುಸ್ತಕದಲ್ಲಿ ಹೇಳಿದ ಕೂಲೆಂಟೇ ಹಾಕಿಸಿ, ಹೇಳಿದ ಅವಧಿಗೆ ಬದಲಾಯಿಸಿ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಡಬ್ಬಿಯ ಎರಡು ಗೆರೆಗಳ ನಡುವೆ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಬಿಸಿ ಇದ್ದಾಗ ಮಾತ್ರ ಮುಚ್ಚಳ ಮುಟ್ಟಬೇಡಿ. ಪದೇ ಪದೇ ಕಡಿಮೆ ಆಗುತ್ತಿದ್ದರೆ ಅದು ಟಾಪ್-ಅಪ್ ಮಾಡುವ ವಿಷಯ ಅಲ್ಲ, ತೋರಿಸಿ.

ವೀಲ್ ಅಲೈನ್‌ಮೆಂಟಿಗೆ ನಾನು ಖುಷಿಯಿಂದ ದುಡ್ಡು ಕೊಡುತ್ತೇನೆ, ನಮ್ಮ ರಸ್ತೆಗಳ ಪುಣ್ಯ. ಆದರೆ ಅದು ಸರ್ವಿಸ್ ಸೆಂಟರಿನಲ್ಲೇ ಆಗಬೇಕಿಲ್ಲ, ಒಳ್ಳೇ ಟಯರ್ ಅಂಗಡಿಯಲ್ಲಿ ಕಡಿಮೆಗೆ, ಇನ್ನೂ ಚೆನ್ನಾಗಿ ಮಾಡುತ್ತಾರೆ. ಎದುರಿಗೆ ನಿಂತು ಸ್ಕ್ರೀನ್ ನೋಡಿ. ಮೊದಲು ಕೆಂಪು ಅಂಕಿ, ಸರಿ ಮಾಡಿದ ಮೇಲೆ ಹಸಿರು. ಪ್ರಿಂಟ್ ಕೇಳಿ ತಗೊಳ್ಳಿ. ಒಂದು ಸಲ "ಕ್ಯಾಂಬರ್ ಔಟ್ ಆಗಿದೆ ಸಾರ್, ಅದಕ್ಕೆ ಬೇರೆ 1,200" ಅಂದರು. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ನನ್ನ ಗಾಡಿಯಲ್ಲಿ ಮುಂದಿನ ಚಕ್ರದ ಟೋ ಮಾತ್ರ ತಿರುಗಿಸಿ ಸರಿ ಮಾಡುವಂಥದ್ದು, ಕ್ಯಾಂಬರ್‌ಗೆ ತಿರುಗಿಸುವ ಬೋಲ್ಟೇ ಇಲ್ಲ. ಅದು ನಿಜಕ್ಕೂ ಔಟ್ ಆಗಿದ್ದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಅಂತ ಅರ್ಥ, ಅದನ್ನು ಬದಲಾಯಿಸಬೇಕು. ಜಾಕ್ ಹಾಕಿ ಎಳೆದು ಬಗ್ಗಿಸೋದು ರಿಪೇರಿ ಅಲ್ಲ. ಬೇಡ ಅಂದೆ, ಗಾಡಿ ಈಗಲೂ ನೇರವಾಗೇ ಓಡುತ್ತಿದೆ. 80ರ ಮೇಲೆ ಸ್ಟಿಯರಿಂಗ್ ನಡುಗಿದರೆ ಬ್ಯಾಲೆನ್ಸಿಂಗು, ಕೈಬಿಟ್ಟರೆ ಗಾಡಿ ಒಂದು ಕಡೆ ಎಳೆದರೆ ಅಲೈನ್‌ಮೆಂಟು, ಇಷ್ಟು ನೆನಪಿದ್ದರೆ ಸಾಕು.

ನೈಟ್ರೋಜನ್ ಗಾಳಿ? ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ, ಪುಕ್ಕಟೆ. ಎರಡು ವಾರಕ್ಕೊಮ್ಮೆ ಬಂಕಿನಲ್ಲಿ ಸಾದಾ ಗಾಳಿ ಚೆಕ್ ಮಾಡಿಸಿ, ಸ್ಟೆಪ್ನಿಗೂ ಸೇರಿಸಿ. ಟಯರ್ ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ನನಗೊಬ್ಬರು ಮೂರು ವರ್ಷ ಗೋಡೌನಿನಲ್ಲಿ ಕೂತ ಟಯರನ್ನು ಹೊಸದು ಅಂತ ಕೊಡಲು ಬಂದಿದ್ದರು.

ಬ್ರೇಕ್ ಪ್ಯಾಡ್ ಸವೆದಾಗ ಬದಲಾಯಿಸಲೇಬೇಕು, ಆದರೆ ಎಷ್ಟು ಸವೆದಿದೆ ಅಂತ ಮಿಲಿಮೀಟರಿನಲ್ಲಿ ಕೇಳಿ. "ಶೇ. 60 ಹೋಗಿದೆ" ಅಂದರೆ ಇನ್ನೂ ಶೇ. 40 ಇದೆ ಅಂತ ಅಲ್ವಾ? ಬ್ರೇಕ್ ಕ್ಲೀನಿಂಗ್ ಕೊಡಬಹುದಾದ ದುಡ್ಡು, ಹಿಂದಿನ ಡ್ರಮ್ ಒಳಗೆ ಧೂಳು ತುಂಬುತ್ತದೆ.

ಅಂಡರ್‌ಬಾಡಿ ಕೋಟಿಂಗ್ ವಿಷಯದಲ್ಲಿ ಉತ್ತರ ಊರಿನ ಮೇಲೆ ನಿಂತಿದೆ. ಬೆಂಗಳೂರು, ತುಮಕೂರು, ಹುಬ್ಬಳ್ಳಿಯಲ್ಲಿ ಓಡಿಸುವವರಿಗೆ ಕಂಪನಿ ಹಾಕಿ ಕಳಿಸಿದ್ದೇ ಸಾಕು. ನನ್ನ ಬಾಮೈದನ ಮನೆ ಮಲ್ಪೆ ಬೀಚಿನ ಹತ್ತಿರ, ಗಾಡಿ ಹೊರಗೇ ನಿಲ್ಲುತ್ತದೆ, ಅವನ ಆರು ವರ್ಷದ ಗಾಡಿಯ ಸೈಲೆನ್ಸರ್ ಕೈಯಲ್ಲಿ ಒತ್ತಿದರೆ ಹಪ್ಪಳದ ಥರ ಪುಡಿ ಉದುರುತ್ತಿತ್ತು. ಅಂಥ ಕಡೆ ಕೊಡಿ. ಅದೂ ಗಾಡಿಯ ಅಡಿ ತೊಳೆದು ಪೂರ್ತಿ ಒಣಗಿಸಿದ ಮೇಲೆ ಹಚ್ಚಬೇಕು, ನೀರು ಇಳಿದುಹೋಗುವ ತೂತುಗಳನ್ನು ಮುಚ್ಚಿಬಿಡಬಾರದು. ಸಂಜೆಯೊಳಗೆ ಗಾಡಿ ಕೊಡುವ ಅವಸರದಲ್ಲಿ ಒದ್ದೆ ಮೇಲೇ ಕಪ್ಪು ಬಳಿದರೆ ತುಕ್ಕಿಗೆ ಒಳಗೇ ಮನೆ ಮಾಡಿಕೊಟ್ಟ ಹಾಗೆ.

ಇಂಟೀರಿಯರ್ ಕ್ಲೀನಿಂಗು, ಪಾಲಿಶು, ಟೆಫ್ಲಾನು, ಇವೆಲ್ಲ ನಿಮ್ಮಿಷ್ಟ, ಗಾಡಿ ಓಡೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬ್ಯಾಟರಿ ಟರ್ಮಿನಲ್ಲಿಗೆ ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ಒರೆಸಿ ವ್ಯಾಸಲೀನ್ ಹಚ್ಚಿ, ಅದಕ್ಕೂ ಬಿಲ್ ಹಾಕಿದ್ದನ್ನು ನೋಡಿದ್ದೇನೆ.

ದೊಡ್ಡ ಖರ್ಚಿನಲ್ಲಿ ಒಂದು ಮಾತ್ರ ತಪ್ಪಿಸಲೇಬೇಡಿ. ಇಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳೋದು ಟೈಮಿಂಗ್ ಚೈನ್ ಅಥವಾ ಬೆಲ್ಟ್, ನಿಮ್ಮದರಲ್ಲಿ ಯಾವುದಿದೆ ಅಂತ ತಿಳಿದುಕೊಳ್ಳಿ. ನನ್ನದು ಚೈನ್. ಬೆಲ್ಟ್ ಇದ್ದರೆ ಅದು ರಬ್ಬರು, ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಅಥವಾ ವರ್ಷಕ್ಕೆ ಬದಲಾಯಿಸಬೇಕು, ಗಾಡಿ ಚೆನ್ನಾಗಿ ಓಡುತ್ತಿದ್ದರೂ ಸರಿ. ಓಡುವಾಗ ಅದು ಹರಿದರೆ ಎಷ್ಟೋ ಇಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಇಂಜಿನ್ನೇ ಬಿಚ್ಚಬೇಕಾಗುತ್ತದೆ. ಹಳೇ ಗಾಡಿ ಕೊಂಡವರು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ 2,544.65 ಕೋಟಿ ರೂಪಾಯಿ ದಂಡ ಹಾಕಿತ್ತು, ಸ್ಪೇರ್ ಪಾರ್ಟ್ಸು ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಹೊರಗೆ ಸರ್ವಿಸ್ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಅನ್ನುವ ಷರತ್ತು ಹಾಕಬೇಡಿ ಅಂತಲೂ ಆ ಆದೇಶದಲ್ಲಿತ್ತು. ಆದರೂ ನನ್ನನ್ನು ಕೇಳಿದರೆ ವಾರಂಟಿ ಮುಗಿಯುವ ತನಕ ಕಂಪನಿ ಸರ್ವಿಸ್ಸೇ ಇರಲಿ, ಕ್ಲೇಮ್ ಮಾಡುವ ದಿನ ಕೌಂಟರಿನಲ್ಲಿ ನಿಂತು ಆದೇಶ ಓದಿ ಹೇಳುವ ತಾಳ್ಮೆ ಯಾರಿಗಿದೆ? ಚಾರ್ಟಿನಲ್ಲಿದ್ದದ್ದು ಮಾತ್ರ ಮಾಡಿಸಿ, ಅಷ್ಟೇ. ಗಾಡಿ ಬಿಡುವಾಗ ಮಾಡಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ "ಫೋನ್ ಮಾಡಿ ಒಪ್ಪಿಗೆ ಪಡೆಯದೆ ಬೇರೆ ಕೆಲಸ ಬೇಡ" ಅಂತ ಬರೆಸಿ ಸಹಿ ಹಾಕಿ. ತೆಗೆದ ಹಳೇ ಭಾಗ ಡಿಕ್ಕಿಯಲ್ಲಿ ಹಾಕಿ ಕೊಡಿ ಅಂತಲೂ ಬರೆಸಿ. ಈ ಎರಡು ಸಾಲು ಬರೆಸಿದಾಗಿನಿಂದ ನನ್ನ ಬಿಲ್ಲು ತೆಳ್ಳಗಾಗಿದೆ.

ಈಗ ಎರಡು ವರ್ಷದಿಂದ ಮನೆ ಹತ್ತಿರದ ಗ್ಯಾರೇಜಿಗೆ ಹೋಗುತ್ತಿದ್ದೇನೆ. ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಭಾಯ್ ಒಬ್ಬರು, ಜೊತೆಗೆ ಇಬ್ಬರು ಹುಡುಗರು. ಸ್ಪೇರ್ಸು ಜೆ.ಸಿ. ರಸ್ತೆಯಿಂದ ಬಿಲ್ ಸಮೇತ ತರುತ್ತಾರೆ, ಬೇಕಾದರೆ ನೀವೇ ತನ್ನಿ ಅನ್ನುತ್ತಾರೆ. 80,000ದ ಸರ್ವಿಸ್, ಏರ್ ಫಿಲ್ಟರೂ ಬ್ರೇಕ್ ಆಯಿಲ್ಲೂ ಸೇರಿ, 5,900 ಆಯಿತು. ಎಲ್ಲಾ ಚೆನ್ನಾಗಿದೆ ಅಂತಲ್ಲ. ಹೇಳಿದ ದಿನಕ್ಕೆ ಗಾಡಿ ಸಿಗಲ್ಲ, ಕಾಯುವವರಿಗೆ ಒಂದು ಹಳೇ ಸೀಟು ಬಿಟ್ಟರೆ ಏನಿಲ್ಲ, ಎಲೆಕ್ಟ್ರಾನಿಕ್ಸ್ ತೊಂದರೆ ಬಂದರೆ "ಇದು ನನ್ನ ಕೈಲಿ ಆಗಲ್ಲ ಸಾರ್, ಸ್ಕ್ಯಾನರ್ ಇರೋ ಕಡೆ ತಗೊಂಡೋಗಿ" ಅಂತ ನೇರವಾಗಿ ಹೇಳಿಬಿಡುತ್ತಾರೆ. ಆ ನೇರ ಮಾತಿಗೇ ನಾನು ಹೋಗೋದು. ಕಳೆದ ಸಲ ಕ್ಲಚ್ ಗಟ್ಟಿಯಾಗಿದೆ ಅಂದಿದ್ದಕ್ಕೆ ಒಂದು ರೌಂಡ್ ಓಡಿಸಿ ಬಂದು "ಇನ್ನೂ ಹದಿನೈದು ಸಾವಿರ ಕಿಲೋಮೀಟರ್ ಬರುತ್ತೆ, ಈಗ ಯಾಕೆ ಬಿಚ್ತೀರಾ?" ಅಂದರು. ಬಿಚ್ಚಿದ್ದರೆ ಅವರಿಗೇ ಲಾಭ ಇತ್ತು.

ಹಳೇ ಸರ್ವಿಸ್ ಸೆಂಟರಿನಿಂದ ಫೋನು ಮಾತ್ರ ನಿಂತಿಲ್ಲ. ಜೂನ್ ತಿಂಗಳಲ್ಲಿ ಮಳೆಗಾಲದ ಫ್ರೀ ಚೆಕಪ್ ಕ್ಯಾಂಪ್ ಅಂತ ಕರೆದರು. ಫ್ರೀ ತಾನೇ ಅಂತ ಹೋದೆ, ಬ್ಯಾಟರಿ ಟೆಸ್ಟು ಪುಕ್ಕಟೆ ಆಯಿತು, ಮೆಷೀನ್ ಕಾಫಿಯೂ ಸಿಕ್ಕಿತು. ಕೊನೆಗೆ 13 ಐಟಮಿನ ಪಟ್ಟಿ ಕೊಟ್ಟರು, ಮೊದಲನೆಯದೇ ಡಿಕಾರ್ಬನೈಸಿಂಗ್. ಈ ಸಲ ಸಿಟ್ಟು ಮಾಡಿಕೊಳ್ಳದೆ ಹದಿಮೂರನ್ನೂ ನಿಧಾನಕ್ಕೆ ಓದಿದೆ. ಒಂಬತ್ತನೆಯ ಮಾತು ನಿಜ ಇತ್ತು, ಎಡಗಡೆ ವೈಪರ್ ಬ್ಲೇಡು ಹರಿದಿತ್ತು. ಬರುವ ದಾರಿಯಲ್ಲಿ ಸ್ಪೇರ್ಸ್ ಅಂಗಡಿಯಲ್ಲಿ 280 ಕೊಟ್ಟು ಕೊಂಡು, ಅಲ್ಲೇ ಹಾಕಿಕೊಂಡು ಬಂದೆ.